ಸುಡದೆ ಉಳಿದ ನೀಲಿ ಅಂಗಿ

ನಮ್ಮ ಮನೆಯಿಂದ ಹಳೆ ಬಟ್ಟೆ ಹೊರಗೆ ಹೋಗುವುದಿಲ್ಲ. ಹರಿದ ಪಂಚೆ, ಬಣ್ಣ ಬಿಟ್ಟ ಸೀರೆ, ಮಗಳಿಗೆ ಗಿಡ್ಡವಾದ ಲಂಗ ಎಲ್ಲ ಹಿತ್ತಲ ಕೋಣೆಯ ಗೋಣಿಚೀಲ ಸೇರುತ್ತವೆ. ಹೊಸದುರ್ಗದಿಂದ ತಂದ ಕರಿ ಕಂಬಳಿಯ ಮೇಲೆ ನಾನು ಅವನ್ನು ಕತ್ತರಿಸಿ ಹೊಲಿಯುತ್ತೇನೆ. ಹುಣಿಸೆಬೀಜದ ಗಂಜಿಯಲ್ಲಿ ಕಾಗದ ಅಂಟಿಸಿ, ಕೆಮ್ಮಣ್ಣು, ಸುಣ್ಣ ಬಳಿಯುತ್ತೇನೆ. ಪ್ರದರ್ಶನ ಮಾಡುವವರು ಇದನ್ನು ಮಿಕ್ಸೆಡ್ ಮೀಡಿಯಾ ಎಂದು ಅಚ್ಚು ಹಾಕಿಸುತ್ತಾರೆ. ನಮ್ಮತ್ತೆ ತೇಪೆ ಅನ್ನುತ್ತಾರೆ. ಭಾನುವಾರ ಬೆಳಿಗ್ಗೆ ಕೋಣೆಯ ಬಾಗಿಲು ಹಾಕಿಕೊಂಡೆನೆಂದರೆ, "ಕುಂತಳೇನಪ್ಪ ತೇಪೆ ಹಾಕಾಕೆ?" ಎಂದು ಮಗನನ್ನು ಕೇಳುವುದು ಒಳಗೆ ನನಗೆ ಕೇಳಿಸಲೆಂದೇ.

ಮನೆ ಇರುವುದು ಹಿರಿಯೂರಿನಲ್ಲಿ. ನನ್ನ ಗಂಡ ಬಬ್ಬೂರಿನ ಕೃಷಿ ಫಾರಂನಲ್ಲಿ ಕೆಲಸ ಮಾಡುತ್ತಾರೆ. ನಾನು ಯಲ್ಲದಕೆರೆ ಕಡೆಯ ಒಂದು ಪ್ರೌಢಶಾಲೆಯಲ್ಲಿ ಡ್ರಾಯಿಂಗ್ ಟೀಚರು. ಬೆಳಿಗ್ಗೆ ಬಸ್ಸು, ಸಂಜೆ ಬಸ್ಸು, ನಡುವೆ ಬೋರ್ಡಿನ ಮೇಲೆ ಹೂಕುಂಡ, ಬಾಳೆಹಣ್ಣು, ಸೂರ್ಯೋದಯ. ಅಡುಗೆ, ಮಗಳ ಹೋಂವರ್ಕು, ಅತ್ತೆಯ ಮಂಡಿನೋವಿನ ಎಣ್ಣೆ ಎಲ್ಲ ಮುಗಿದ ಮೇಲೆ ಉಳಿದ ಹೊತ್ತು ಕಂಬಳಿಯದು.

ನಮ್ಮ ಶಾಲೆಯಲ್ಲಿ ಒಬ್ಬ ಹುಡುಗಿ ಇದ್ದಳು, ಕುರಿ ಸಾಕುವವರ ಮನೆಯವಳು. ಒಂಬತ್ತನೇ ಕ್ಲಾಸು. ಸೂರ್ಯೋದಯ ಬರೆಯಿರಿ ಎಂದರೆ ಎಲ್ಲರೂ ಎರಡು ಗುಡ್ಡದ ನಡುವೆ ಸೂರ್ಯನನ್ನು ಕೂರಿಸುತ್ತಿದ್ದರು. ಇವಳು ಗುಡ್ಡಕ್ಕೆ ಬೆನ್ನು ಹಾಕಿ ನಿಂತ ಕುರಿಗಳ ನೆರಳನ್ನಷ್ಟೇ ಬರೆದಿದ್ದಳು. ಸೂರ್ಯ ಎಲ್ಲಿ ಎಂದರೆ, "ನಮ್ಮ ಹಿಂದೆ ಐತೆ ಟೀಚರ್" ಅಂದಳು. ಬೇಸಿಗೆ ರಜೆಯಲ್ಲಿ ಜ್ವರ ಬಂದು ಮಲಗಿದವಳು ಏಳಲಿಲ್ಲ. ಶಾಲೆ ಶುರುವಾದ ದಿನ ಹುಡುಗಿಯರು ಬಂದು ಹೇಳಿದಾಗ ನಾನು ಚಾಕ್‌ಪೀಸಿನ ಡಬ್ಬಿ ಹಿಡಿದು ನಿಂತಿದ್ದೆ. ಹೇಳಿದ್ದು ಕೇಳಿಸಿತು, ಅರ್ಥವಾಗಲಿಲ್ಲ. ಬೋರ್ಡಿಗೆ ತಿರುಗಿ ಒಂದು ಮಾವಿನಕಾಯಿ ಬರೆದೆ.

ಅದಾಗಿ ಸ್ವಲ್ಪ ದಿನಕ್ಕೆ ಅವಳ ತಾಯಿ ನಮ್ಮ ಮನೆ ಹುಡುಕಿಕೊಂಡು ಬಂದಳು. ಸಂತೆಯ ದಿನ. ಕಂಕುಳಲ್ಲಿ ಪ್ಲಾಸ್ಟಿಕ್ ಚೀಲ. ಕುಂತ್ಕಳ್ರಿ ಅಂದರೂ ಬಾಗಿಲ ಬಳಿಯೇ ನಿಂತಳು.

"ಹಳೇ ಬಟ್ಟೆಯಾಗೆ ಚಿತ್ರ ಮಾಡ್ತೀರಂತಲ್ಲ ಟೀಚರ್. ಇದನ್ನ ಇಟ್ಕಳ್ರಿ."

ಚೀಲದಲ್ಲಿ ಶಾಲೆಯ ನೀಲಿ ಅಂಗಿ, ಬಿಳಿ ಪ್ಯಾಂಟು, ಮಡಿಸಿದ ಒಂದು ರಿಬ್ಬನ್ನು. ಅವರ ಕಡೆ ಸತ್ತವರ ಬಟ್ಟೆಯನ್ನು ಮನೆಯಲ್ಲಿ ಇಡುವುದಿಲ್ಲ. ಮಣ್ಣು ಮಾಡಿದ ಮೇಲೆ ಗಂಟು ಕಟ್ಟಿ ಊರಾಚೆ ಹಳ್ಳದಲ್ಲಿ ಸುಡುತ್ತಾರೆ. ಸುಟ್ಟದ್ದು ಸತ್ತವರಿಗೆ ಮುಟ್ಟುತ್ತದೆ ಎಂಬ ನಂಬಿಕೆ. ಗಂಡ ಗಂಟು ಕಟ್ಟುವ ಮೊದಲೇ ಇಷ್ಟನ್ನು ಅವಳು ಹತ್ತಿಕಾಳಿನ ಚೀಲದೊಳಗೆ ತುರುಕಿದ್ದಳು.

"ಮನೇಲಿ ಐತೆ ಅಂತ ಗೊತ್ತಾದ್ರೆ ಅವರು ಸುಟ್ಟಾಕ್ತಾರೆ. ನಿಮ್ಮ ಮನೇಲಿ ಇಂಥವು ರಾಶಿ ಅವೆ. ಅದರಾಗೆ ಇದೂ ಒಂದು."

ಅಂಗಿಯ ಪಕ್ಕೆಯಲ್ಲಿ ಗೇಣುದ್ದ ಹರಿದಿತ್ತು. ಕಪ್ಪು ಉಣ್ಣೆದಾರದಲ್ಲಿ ಯಾರೋ ದಪ್ಪದಪ್ಪ ಹೊಲಿಗೆ ಹಾಕಿದ್ದರು. ನಾನು ಬೆರಳಾಡಿಸಿದ್ದನ್ನು ನೋಡಿ, "ಅವರಪ್ಪ ಹೊಲಿದಿದ್ದು. ಕುರಿಹಟ್ಟಿ ಮುಳ್ಳುತಂತಿಗೆ ಸಿಕ್ಕಾಕ್ಕಂಡಿತ್ತು" ಅಂದಳು. ನೀರು ಕೂಡ ಕುಡಿಯದೆ ಹೋದಳು.

ಗೋಣಿಚೀಲಕ್ಕೆ ಅದನ್ನು ಹಾಕಲು ನನಗೆ ಮನಸ್ಸಾಗಲಿಲ್ಲ. ಕೋಣೆಯ ಗೂಡಿನಲ್ಲಿಟ್ಟೆ. ಅತ್ತೆಗೆ ವಾಸನೆಯಿಂದಲೇ ಗೊತ್ತಾಯಿತು. ಕೊಬ್ಬರಿ ಎಣ್ಣೆ, ಬಟ್ಟೆ ಸೋಪು, ಅದರಡಿಯಲ್ಲಿ ಕುರಿಯ ಬೆಚ್ಚನೆಯ ವಾಸನೆ. "ಯಾರ ಮನೆ ಕೂಸಿನದ್ದೇ ಇದು?" ಎಂದು ಕೇಳಿದರು. ಹೇಳಿದೆ. ಬೈಯುತ್ತಾರೆಂದುಕೊಂಡಿದ್ದೆ. ಅವರು ಬೈಯಲಿಲ್ಲ. ಮರುದಿನದಿಂದ ಬೆಳಿಗ್ಗೆ ಎದ್ದವರೇ ಗೂಡಿನ ಮುಂದೆ ಒಂದು ಲೋಟ ನೀರು ಇಡತೊಡಗಿದರು. ನನ್ನ ಗಂಡ ನಗಲು ಹೋದರು, ಅವರಮ್ಮನ ಮುಖ ನೋಡಿ ಸುಮ್ಮನಾದರು.

ನಾನು ನನ್ನ ಮದುವೆಯ ಸೀರೆಗೆ ಕತ್ತರಿ ಹಾಕಿದವಳು. ಹೊಳಲ್ಕೆರೆಯಲ್ಲಿ ನಮ್ಮಪ್ಪ ತೀರಿಕೊಂಡ ಮೇಲೆ ಅವರ ಪಂಚೆಯನ್ನು ಪಟ್ಟಿಪಟ್ಟಿಯಾಗಿ ಸೀಳಿ ಒಂದು ದೊಡ್ಡ ಕೆಲಸ ಮಾಡಿದ್ದೆ. ಈ ಅಂಗಿಯನ್ನು ಮೇಜಿನ ಮೇಲೆ ಹರಡಿದರೆ ಮಾತ್ರ ಕತ್ತರಿ ಎತ್ತಲು ಆಗುತ್ತಿರಲಿಲ್ಲ. ತೋಳುಗಳನ್ನು ಹೇಗೆ ಇಟ್ಟರೂ ಯಾರೋ ಮಲಗಿದ ಹಾಗೇ ಕಾಣುತ್ತಿತ್ತು. ಮತ್ತೆ ಮಡಿಸಿ ಗೂಡಿಗೆ ಇಡುವಾಗ, ಅದು ತಂದಾಗ ಇದ್ದುದಕ್ಕಿಂತ ಭಾರವಾಗಿದೆ ಅನಿಸುತ್ತಿತ್ತು.

ಒಂದು ದಿನ ನಾನು ಶಾಲೆಯಿಂದ ಬಂದು ಚಪ್ಪಲಿ ಬಿಟ್ಟು ಒಳಗೆ ಕಾಲಿಡುತ್ತಿದ್ದಂತೆ, ಹಿತ್ತಲ ಕೋಣೆಯ ಕಿಟಕಿಯ ಬಳಿ ನೀಲಿ ಅಂಗಿ ತೊಟ್ಟವಳೊಬ್ಬಳು ನನಗೆ ಬೆನ್ನು ಮಾಡಿ ಕುಳಿತಿದ್ದಳು. ತಲೆ ಬಗ್ಗಿತ್ತು. ಏನೋ ಬರೆಯುತ್ತಿದ್ದಳು. ಸಂಜೆಯ ಬಿಸಿಲು ಅವಳ ಬೆನ್ನ ಮೇಲಿತ್ತು. ನನ್ನ ಬಾಯಿಂದ ಆ ಹುಡುಗಿಯ ಹೆಸರು ಬಂದುಬಿಟ್ಟಿತು. ಅವಳು, "ಆಂ?" ಎಂದು ತಿರುಗಿದಳು.

ನನ್ನ ಮಗಳು. ಇನ್ನೂ ಆರನೇ ಕ್ಲಾಸಿನವಳು. ಅಂಗಿಯ ತೋಳು ಬೆರಳು ದಾಟಿತ್ತು.

"ಲೇ, ಬಿಚ್ಚೇ ಅದನ್ನ!"

"ಚಳಿ ಆಯ್ತು, ಹಾಕ್ಕಂಡೆ" ಅಂದಳು. ಚೆನ್ನಾಗಿ ಬಿಸಿಲು ಕಾದ ದಿನ ಅದು. ನಾನು ಬಿಚ್ಚಿಸಿದೆ. ಅವಳು ಅತ್ತಳು, ನಾನೂ ಅತ್ತೆ. ಆ ಹುಡುಗಿಯ ಹೆಸರು ಕರೆದರೆ ನೀನ್ಯಾಕೆ ಓಗೊಟ್ಟೆ ಎಂದು ಕೇಳಿದ್ದಕ್ಕೆ, "ನೀನು ನನ್ನನ್ನೇ ಕರೆದೆಯಲ್ಲ" ಅಂದಳು. ಆಮೇಲೆ ಆ ಮಾತನ್ನು ನಾವಿಬ್ಬರೂ ಎತ್ತಲಿಲ್ಲ.

ಆ ಹುಡುಗಿಯ ತಾಯಿ ಸಂತೆಗೆ ಬಂದಾಗಲೆಲ್ಲ ನಮ್ಮ ಮನೆಗೆ ಬರುತ್ತಿದ್ದಳು. ಅಂಗಿಯನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತು, ಕೊರಳಪಟ್ಟಿ ನೇವರಿಸಿ ಎದ್ದು ಹೋಗುತ್ತಿದ್ದಳು. ಅಷ್ಟರಲ್ಲಿ ಚಿತ್ರದುರ್ಗದಲ್ಲಿ ಜಿಲ್ಲೆಯ ಕಲಾವಿದರದೊಂದು ಪ್ರದರ್ಶನ ಏರ್ಪಾಡಾಯಿತು. ನನಗೂ ಕರೆ ಬಂತು. ಹೊಸ ಕೆಲಸ ಯಾವುದೂ ಇರಲಿಲ್ಲ. ಆ ಅಂಗಿ ಬಂದ ಮೇಲೆ ಬೇರೆ ಯಾವುದಕ್ಕೂ ಕೈ ಹೋಗಿರಲಿಲ್ಲ. ಮುಂದಿನ ಸಲ ಅವಳು ಬಂದಾಗ ನನ್ನ ಕೈಲಿ ಕತ್ತರಿಸಲು ಆಗುತ್ತಿಲ್ಲ ಎಂದು ಹೇಳಿದೆ.

ಅವಳು ಅಂಗಿಯನ್ನು ಮೇಜಿನ ಮೇಲೆ ಹರಡಿದಳು. "ಹಿಂಗೇ ಇದ್ರೆ ಒಂದಿನ ಯಾರಾದ್ರೂ ಎತ್ತಿ ಬಿಸಾಕ್ತಾರೆ. ಗ್ವಾಡೆಗೆ ಹಾಕಿದ್ರೆ ಯಾರೂ ಮುಟ್ಟಲ್ಲ. ತರ್ರಿ ಇಲ್ಲಿ" ಎಂದು ಕತ್ತರಿ ಇಸಿದುಕೊಂಡಳು. ಹರಿಯದಿದ್ದ ಪಕ್ಕೆಯನ್ನು ಅಂಚಿನಿಂದ ಕಂಕುಳವರೆಗೆ ಒಂದೇ ಸಲಕ್ಕೆ ಕತ್ತರಿಸಿದಳು. ಇನ್ನೊಂದು ಪಕ್ಕೆಯ ಉಣ್ಣೆದಾರದ ಹೊಲಿಗೆಯ ಹತ್ತಿರ ನಿಲ್ಲಿಸಿ, "ಇಲ್ಲಿ ಬ್ಯಾಡ" ಅಂದಳು. ಕತ್ತರಿ ನನ್ನ ಕೈಗಿಟ್ಟು ಸೆರಗಿನಿಂದ ಬಾಯಿ ಮುಚ್ಚಿಕೊಂಡು ಹಿತ್ತಲಿಗೆ ಹೋದಳು.

ಆಮೇಲೆ ಕೆಲಸ ಓಡಿತು. ಇಡೀ ಕಂಬಳಿಯ ಮೇಲೆ ನೀಲಿ ತುಂಡುಗಳನ್ನು ಕೆರೆ ಬತ್ತುವಾಗ ಅಲ್ಲಲ್ಲಿ ಉಳಿಯುವ ನೀರಿನ ಹಾಗೆ ಹರಡಿ ಹೊಲಿದೆ. ನಡುವೆ ಆ ಹುಡುಗಿಯ ಅಪ್ಪನ ಹೊಲಿಗೆಯ ಭಾಗ, ಇದ್ದ ಹಾಗೇ. ಊಟಕ್ಕೆ ಕರೆದರೂ ಏಳುತ್ತಿರಲಿಲ್ಲ. ಗಂಡ ಅನ್ನಕ್ಕಿಟ್ಟರು, ಮಗಳು ಸೂಜಿಗೆ ದಾರ ಪೋಣಿಸಿಕೊಟ್ಟಳು. ಮುಗಿದ ದಿನ ನಾಲ್ವರೂ ಅದರ ಮುಂದೆ ನಿಂತೆವು. ಅತ್ತೆ ತೇಪೆ ಅನ್ನಲಿಲ್ಲ. ನಾನು ಮಾಡಿದ್ದರಲ್ಲಿ ಅಷ್ಟು ಒಳ್ಳೆಯದು ಇನ್ನೊಂದಿರಲಿಲ್ಲ. ಅದು ನನಗೆ ಗೊತ್ತಿತ್ತು.

ಚಿತ್ರದುರ್ಗದಲ್ಲಿ ಪ್ರದರ್ಶನದ ಎರಡನೇ ದಿನ ಹುಡುಗಿಯ ತಾಯಿ ಬಂದಳು, ಜೊತೆಗೆ ಅವಳ ಗಂಡ. ಒಬ್ಬಳೇ ಬರಲು ಗೊತ್ತಿಲ್ಲ ಎಂದು, ಟೀಚರ್ ಚಿತ್ರ ಇಟ್ಟವ್ರೆ ನೋಡಾಣ ಅಂತಷ್ಟೇ ಹೇಳಿ ಕರೆತಂದಿದ್ದಳು. ತುಂಡು ತುಂಡಾದ ಮೇಲೆ ಅವರಿಗೆ ಗೊತ್ತಾಗಾಕಿಲ್ಲ ಅಂದ್ಕಂಡಿದ್ದೆ ಎಂದು ಆಮೇಲೆ ನನಗೆ ಹೇಳಿದಳು.

ಹೆಗಲ ಮೇಲೆ ಕಂಬಳಿ ಹಾಕಿಕೊಂಡ ಉದ್ದನೆಯ ಮನುಷ್ಯ. ಒಂದೊಂದೇ ಚಿತ್ರ ನೋಡುತ್ತ ಬಂದವನು ನನ್ನದರ ಮುಂದೆ ನಿಂತ. ಕೈಯೆತ್ತಿ ನಡುವಿನ ಹೊಲಿಗೆಯನ್ನು ಮುಟ್ಟಿದ. ಅಲ್ಲಿದ್ದ ಕಾರ್ಯಕರ್ತರೊಬ್ಬರು, "ಮುಟ್ಟಬೇಡಿ ಯಜಮಾನ್ರೇ" ಎಂದರು. ಬಿಡಿ ಎಂದು ನಾನು ಸನ್ನೆ ಮಾಡಿದೆ. ಅವನು ಬೆರಳಿನಿಂದ ಒಂದೊಂದೇ ಹೊಲಿಗೆ ದಾಟುತ್ತ ಕೊನೆಗೆ ಬಂದು, ಅಲ್ಲಿದ್ದ ಗಂಟನ್ನು ಹಿಡಿದುಕೊಂಡು ನಿಂತುಬಿಟ್ಟ. ಹೆಂಡತಿಯ ಕಡೆ ತಿರುಗಿದಾಗ ಕೋಪವಿರಲಿಲ್ಲ.

"ಅದುಕ್ಕೇ ಬರ್ತಾಳೆ" ಅಂದ.

ಯಾರು ಎಂದು ನಾನು ಕೇಳಲಿಲ್ಲ. ಅವನೇ ನನಗೆ ಹೇಳಿದ. "ಹಟ್ಟಿ ಬಾಗ್ಲಾಗೆ ನಿಂತ್ಕಂತಾಳೆ ಅಮ್ಮಾ. ಕುರಿ ಬೆದರಲ್ಲ, ನಾಯಿ ಬೊಗಳಲ್ಲ. ಚಳಿ ಅಪ್ಪಾ ಅಂತಾಳೆ. ಎಲ್ಲಾ ಸುಟ್ಟು ಕಳಿಸಿವ್ನಿ, ಇನ್ನೇನು ಚಳಿ ನಿಂಗೆ ಅಂತ ಕೇಳ್ತೀನಿ. ಅದೊಂದೇ ಮಾತು. ಚಳಿ ಅಪ್ಪಾ."

ನನ್ನ ಪಕ್ಕದಲ್ಲೇ ನನ್ನ ಮಗಳಿದ್ದಳು. ಅವಳು ನನ್ನ ಕೈ ಹಿಡಿದುಕೊಂಡಳು. ನಾನು ಅವಳ ಮುಖ ನೋಡಲಿಲ್ಲ.

"ಇದನ್ನ ಕೊಡ್ರಿ" ಎಂದು ಅವನು ಅಲ್ಲೇ ನೆಲದ ಮೇಲೆ ಕುಳಿತ. ತಾಯಿ ಗೋಡೆಗೆ ಒರಗಿ ನಿಂತಿದ್ದಳು. ಪ್ರದರ್ಶನ ಮುಗಿಯುವವರೆಗಾದರೂ ಇರಲಿ ಎಂದು ಸಂಘಟಕರು ನನ್ನ ಕಿವಿಯಲ್ಲಿ ಹೇಳಿದರು. ನನಗೂ ಹಾಗೇ ಅನಿಸುತ್ತಿತ್ತು. ಸುಳ್ಳೇಕೆ, ಅದನ್ನು ಬಿಟ್ಟುಕೊಡಲು ನನಗೆ ಇಷ್ಟವಿರಲಿಲ್ಲ. ತಾಯಿಯನ್ನು ಕೇಳಿದೆ, "ನೀವು ಹೇಳ್ರಿ. ತಂದುಕೊಟ್ಟೋರು ನೀವು."

ಅವಳು ಹತ್ತಿರ ಬಂದು ನೀಲಿ ತುಂಡೊಂದನ್ನು ಮುಟ್ಟಿ, "ಕೂಸಿಗೆ ಚಳಿಯಾದ್ರೆ ನಾನೆಂಗೆ ಇಟ್ಕಳ್ಳಿ?" ಅಂದಳು. ನಾನೇ ಸ್ಟೂಲು ಹತ್ತಿ ಕಂಬಳಿ ಇಳಿಸಿದೆ.

ಮರುದಿನ ಬೆಳಿಗ್ಗೆ ಗಂಡ, ಮಗಳು, ನಾನು ಅವರ ಊರಿಗೆ ಹೋದೆವು. ಮಗಳು ಬರುವುದು ನನ್ನ ಗಂಡನಿಗೆ ಇಷ್ಟವಿರಲಿಲ್ಲ. "ನಾನೂ ಹಾಕ್ಕಂಡಿದ್ದೆ, ನಾನೂ ಬರ್ತೀನಿ" ಎಂದು ಅವಳು ಪಟ್ಟು ಹಿಡಿದಳು. ಮಾರಿಕಣಿವೆ ಅಣೆಕಟ್ಟೆ ಕೋಡಿ ಬಿದ್ದ ವರ್ಷ ಅದು, ಎಲ್ಲೆಲ್ಲೂ ಹಸಿರು. ಹಳ್ಳದ ದಂಡೆಯಲ್ಲಿ ಒಣ ಜಾಗ ಹುಡುಕಬೇಕಾಯಿತು. ಅಂಗಿಯನ್ನು ಬಿಡಿಸಿ ಕೊಡಲೇ ಎಂದು ಕೇಳಿದ್ದಕ್ಕೆ ತಂದೆ, "ಕಂಬ್ಳಿ ಸಮೇತ ಹೋಗ್ಲಿ, ಹೊದ್ಕಂತಾಳೆ" ಅಂದ.

ಉಣ್ಣೆ ಸುಲಭಕ್ಕೆ ಉರಿಯುವುದಿಲ್ಲ. ಹೊಗೆಯಾಡುತ್ತದೆ, ಮುದುಡುತ್ತದೆ, ಕೂದಲು ಸುಟ್ಟ ವಾಸನೆ ಬರುತ್ತದೆ. ಅವನು ಜಾಲಿಮುಳ್ಳು ಒಟ್ಟುತ್ತಲೇ ಇದ್ದ. ನೀಲಿ ಮೊದಲು ಹೋಯಿತು. ತಾಯಿ ದೂರದಲ್ಲಿ, ಬದುವಿನ ಮೇಲೆ, ಬೆನ್ನು ಮಾಡಿ ಕುಳಿತಿದ್ದಳು. ಎಲ್ಲ ಬೂದಿಯಾದ ಮೇಲೆ ನೀರು ಚಿಮುಕಿಸಿ, ಹಿಂತಿರುಗಿ ನೋಡದೆ ಹೋಗಾಣ ಎಂದು ಅವನು ಹೇಳಿದ. ಎಲ್ಲರೂ ಹಾಗೇ ನಡೆದೆವು. ನನ್ನ ಮಗಳು ಮಾತ್ರ ತಿರುಗಿ ನೋಡಿದಳು. ನಾನು ತಲೆಯ ಮೇಲೆ ಮೊಟಕಿದೆ. "ಯಾರೂ ಇಲ್ಲಮ್ಮ" ಅಂದಳು.

ಆಮೇಲೆ ಹಟ್ಟಿಯ ಬಾಗಿಲಲ್ಲಿ ಆ ಹುಡುಗಿ ನಿಲ್ಲುತ್ತಿಲ್ಲವೆಂದು ಅವಳ ತಂದೆ ಶಾಲೆಯ ಹತ್ತಿರ ಕುರಿ ಹೊಡೆದುಕೊಂಡು ಹೋಗುವಾಗ ಹೇಳಿದ. ಮುಖ ತಿಳಿಯಾಗಿತ್ತು. ಅತ್ತೆ ಲೋಟ ಇಡುವುದನ್ನು ನಿಲ್ಲಿಸಿದರು. ನಾನು ಬಹಳ ದಿನ ಏನೂ ಮಾಡಲಿಲ್ಲ. ಬರಿಯ ಕಾಗದದ ಮೇಲೆ ಸಣ್ಣಸಣ್ಣ ಚಿತ್ರ ಬರೆಯುತ್ತಿದ್ದೆ, ಬಣ್ಣವಿಲ್ಲದೆ. ಎಷ್ಟೋ ದಿನದ ಮೇಲೆ ಮತ್ತೆ ಸೂಜಿ ಹಿಡಿದೆ.

ತಾಯಿ ಮಾತ್ರ ಸಂತೆಗೆ ಬಂದರೂ ನಮ್ಮ ಮನೆಗೆ ಬರುತ್ತಿರಲಿಲ್ಲ. ಕೋಪವಿರಬೇಕು ಅಂದುಕೊಂಡೆ. ಚಳಿಗಾಲ ಕಳೆದ ಮೇಲೆ ಒಂದು ಮಧ್ಯಾಹ್ನ ಬಂದಳು. ಈ ಸಲ ಒಳಗೆ ಬಂದು ಕುಳಿತು ಟೀ ಕುಡಿದಳು.

"ಅವರಿಗೀಗ ಕೂಸು ಕಾಣ್ತಿಲ್ಲಂತೆ. ನಂಗೆ ಯಾವತ್ತೂ ಕಂಡೇ ಇಲ್ಲ ಟೀಚರ್. ಬಟ್ಟೆ ಇದ್ರೆ ಅದನ್ನ ಹುಡುಕ್ಕಂಡಾದ್ರೂ ಬರ್ತಾಳೇನೋ ಅಂತ ಇಟ್ಕಂಡಿದ್ದು. ಬಂದ್ಲು, ನನ್ನತ್ರ ಬರ್ಲಿಲ್ಲ." ಲೋಟವನ್ನು ಎರಡೂ ಕೈಯಲ್ಲಿ ಹಿಡಿದಿದ್ದಳು. "ನಿಮಗೇನಾದ್ರೂ ಕಾಣ್ತಾಳಾ?"

ಇಲ್ಲ ಎನ್ನಬಹುದಿತ್ತು. ಗಂಡನಿಗೂ ನಾನು ಹೇಳಿರಲಿಲ್ಲ. ಕೊನೆಯ ಪೀರಿಯಡ್ಡಿನಲ್ಲಿ, ಮಕ್ಕಳೆಲ್ಲ ಬಗ್ಗಿ ಬರೆಯುವಾಗ, ಕಿಟಕಿ ಪಕ್ಕದ ಬೆಂಚಿನಲ್ಲಿ ಒಂದು ತಲೆ ಹೆಚ್ಚಿರುತ್ತದೆ. ಹತ್ತಿರ ಹೋದರೆ ಇರುವುದಿಲ್ಲ. ಅದಕ್ಕೆ ನಾನು ಹತ್ತಿರ ಹೋಗುವುದನ್ನು ಬಿಟ್ಟಿದ್ದೇನೆ.

"ಕಾಣ್ತಾಳೆ" ಅಂದೆ. "ಕ್ಲಾಸಿನಲ್ಲಿ."

"ಏನ್ ಮಾಡ್ತಾಳೆ?"

"ಬರೀತಿರ್ತಾಳೆ. ಏನು ಅಂತ ಗೊತ್ತಿಲ್ಲ, ತೋಳು ಅಡ್ಡ ಇಟ್ಕಂಡಿರ್ತಾಳೆ."

ಅವಳು ನಕ್ಕಳು. ಅವಳು ನಗುವುದನ್ನು ನಾನು ಅಲ್ಲಿಯವರೆಗೆ ನೋಡಿರಲಿಲ್ಲ. "ಮನೇಲೂ ಹಂಗೇ. ಯಾರಿಗೂ ತೋರಿಸ್ತಿರ್ಲಿಲ್ಲ" ಅಂದಳು. ಲೋಟ ಕೆಳಗಿಟ್ಟು, "ಚಳಿ ಅಂತಾಳಾ?" ಎಂದು ಕೇಳಿದಳು.

"ಇಲ್ಲ. ಬಿಸಿಲು ಬೀಳೋ ಕಡೆ ಕುಂತಿರ್ತಾಳೆ."

ಅವಳು ಲೋಟ ತೊಳೆದಿಟ್ಟಳು. ಬಸ್ಸಿಗೆ ಹೊತ್ತಾಗಿತ್ತು. ನಾನೂ ಜೊತೆಗೆ ಸ್ಟ್ಯಾಂಡಿನವರೆಗೆ ನಡೆದೆ. ಯಲ್ಲದಕೆರೆ ಬಸ್ಸಿನಲ್ಲಿ ಸಂತೆಯ ಜನ ತುಂಬಿದ್ದರು, ಸೀಟಿರಲಿಲ್ಲ. ಅವಳು ಬುಟ್ಟಿ ಕೆಳಗಿಟ್ಟು ಕಂಬಿ ಹಿಡಿದು ನಿಂತಳು. ಬಸ್ಸು ಹೊರಡುವ ಮುನ್ನ ಕಿಟಕಿಯಿಂದ ಬಗ್ಗಿ, ಕೊನೆಯ ಪೀರಿಯಡ್ಡು ಎಷ್ಟೊತ್ತಿಗೆ ಎಂದು ಕೇಳಿದಳು. ನಾನು ಹೇಳಿದೆ.