ಹೆಣೆದ ಜಡೆ ಬಿಚ್ಚಿದವನು

ಅಡವಯ್ಯ ಹೋದ ಭಾನುವಾರ ಮಧುಗಿರಿಯ ಮೈದಾನದಲ್ಲಿ ಸತ್ತ. ಎಂಬತ್ತಮೂರನೇ ಇಸವಿಯ ಈ ಸುಡುಬೇಸಿಗೆಯಲ್ಲಿ, ಕೋಲಾಟದ ಕಂಬದ ಬುಡದಲ್ಲಿ. ಇಂದು ಸಂತಾಪ ಸಭೆಯಲ್ಲಿ ಅಂದಿನ ಸಮಾರಂಭದ ವ್ಯವಸ್ಥಾಪಕರು "ಕುಣಿಯುತ್ತಲೇ ಪ್ರಾಣ ಬಿಟ್ಟ ಪುಣ್ಯವಂತ" ಎಂದರು. ಚಪ್ಪಾಳೆಯೂ ಬಿತ್ತು. ಅವನಿಗೆ ಜೋಡಿಯಾಗಿ ವರ್ಷಗಟ್ಟಲೆ ಕೋಲು ಹಿಡಿದ ನನಗೆ ಆ ಪುಣ್ಯದ ಮಾತು ಕೇಳಿಕೊಂಡು ಕೂರಲಾಗಲಿಲ್ಲ. ಎದ್ದು ಬಂದೆ.

ಅಡವಯ್ಯ ಬೆಟ್ಟದ ಹಿಂದಿನ ಹಟ್ಟಿಯವನು, ಕುರಿ ಕಾಯುತ್ತಿದ್ದ. ನಾನು ಅದೇ ಹಟ್ಟಿಯಲ್ಲಿ ಹುಟ್ಟಿ ಪೇಟೆಯಲ್ಲಿ ಮೇಷ್ಟ್ರಾದವನು. ಕೋಲಾಟ ಕಲಿಯಲು ಹೊಸ ಜೋಡಿ ಬಂದರೆ ಅವನು ಮೊದಲು ಕೋಲು ಕೊಡುತ್ತಿರಲಿಲ್ಲ. ಒಂದು ಬಿದಿರಿಗೆ ತುಂಬಿದ ಕೊಡ ಕಟ್ಟಿ ಇಬ್ಬರ ಹೆಗಲಿಗಿಟ್ಟು ಬಾವಿಯಿಂದ ನಡೆಸುತ್ತಿದ್ದ. ನೀರು ತುಳುಕಿದರೆ ಮತ್ತೆ ಬಾವಿಗೆ. "ತಮಟೆ ಹಿಂದೆ ಓಡಬ್ಯಾಡ್ರಲಾ, ಹಾಡು ಕೇಳ್ರಿ. ತಮಟೆ ಕತ್ತೆ ಇದ್ದಂಗೆ, ಬಾರ್ಸಿದಷ್ಟೂ ಓಡ್ತದೆ" ಎನ್ನುತ್ತಿದ್ದ. ಸಾಲಿನ ಕೊನೆಗೆ ಹಾಡುವವನು ಉಸಿರೆಳೆದುಕೊಳ್ಳುವಷ್ಟು ಹೊತ್ತು ಕೋಲುಗಳು ಗಾಳಿಯಲ್ಲೇ ನಿಲ್ಲಬೇಕು. ಆಗ ಅವನ ಕಣ್ಣು ನನ್ನ ಕಣ್ಣಲ್ಲಿರುತ್ತಿತ್ತು. ಮುಂದಿನ ಪೆಟ್ಟು ಇಬ್ಬರಿಂದಲೂ ಒಟ್ಟಿಗೇ ಬೀಳುತ್ತಿತ್ತು.

ನಮ್ಮದು ಜಡೆ ಕೋಲಾಟ. ಕಂಬದ ತುದಿಯಿಂದ ಇಳಿಬಿಟ್ಟ ಹಗ್ಗವನ್ನು ಒಂದು ಕೈಯಲ್ಲಿ, ಕೋಲನ್ನು ಇನ್ನೊಂದರಲ್ಲಿ ಹಿಡಿದು, ಎದುರಾದವರನ್ನು ಒಮ್ಮೆ ಒಳಗಿನಿಂದ, ಒಮ್ಮೆ ಹೊರಗಿನಿಂದ ದಾಟುತ್ತ ಕುಣಿದರೆ ಮೇಲೆ ಜಡೆ ಹೆಣೆದುಕೊಳ್ಳುತ್ತದೆ. ಆಮೇಲೆ ಕೊನೆಯ ನುಡಿಯಿಂದ ಮೊದಲ ನುಡಿಗೆ ಹಾಡುತ್ತ, ಹಿಂದುಹಿಂದಕ್ಕೆ ಕುಣಿದು ಅದನ್ನು ಬಿಚ್ಚಬೇಕು. ಬಿಚ್ಚದೆ ಯಾರೂ ಮನೆಗೆ ಹೋಗುವುದಿಲ್ಲ. ಹೆಣೆಯುವಾಗ ಯಾರಾದರೂ ತಪ್ಪಿ ದಾಟಿದ್ದರೆ, ಬಿಚ್ಚುವಾಗ ಹಾಡಿನ ಅದೇ ಮಾತಿಗೆ ಅದೇ ತಪ್ಪನ್ನು ಮತ್ತೆ ಮಾಡಬೇಕು. ಇಲ್ಲದಿದ್ದರೆ ಗಂಟು. ಹಗ್ಗಗಳೆಲ್ಲ ಮನೆಮನೆಯ ಸೀರೆ ಹೊಸೆದು ಮಾಡಿದವು. ಅಡವಯ್ಯನದು ತೀರಿಹೋದ ತಾಯಿ ಗಿರಿಯಮ್ಮನ ಸೀರೆ.

ಅಂದು ಬೆಳಗಿನಿಂದ ನಮ್ಮನ್ನು ಬಿಸಿಲಿನಲ್ಲಿ ನಿಲ್ಲಿಸಿದ್ದರು. ನೆರಳು ಅತಿಥಿಗಳ ಶಾಮಿಯಾನಕ್ಕೆ, ನೀರಿನ ಹೂಜಿಯೂ ಅಲ್ಲಿಗೇ. ಅತಿಥಿಗಳು ಬಂದದ್ದು ಮಧ್ಯಾಹ್ನ. ನಮ್ಮ ಹಾಡುಗಾರ ಕಾಡಸಿದ್ದಪ್ಪ ಮೊದಲ ನುಡಿ ಎತ್ತಿದ್ದನಷ್ಟೇ, ವ್ಯವಸ್ಥಾಪಕರು ಓಡಿ ಬಂದರು.

"ಏನ್ರೀ ಇದು, ಹೆಣ ಹೊತ್ಕೊಂಡು ಹೋಗೋ ಹಾಗೆ? ಬೇಗ ಹೊಡೀರಿ! ಸಾಹೇಬ್ರು ಸಿರಾಕ್ಕೆ ಹೋಗ್ಬೇಕು."

"ಸಾಹೇಬ್ರಿಗೆ ಜೀಪ್ ಐತೆ ಸಾಮಿ, ಹಾಡಿಗೆ ಎಲ್ಲೈತೆ?" ಎಂದ ಅಡವಯ್ಯ. ನಾವೆಲ್ಲ ನಕ್ಕೆವು.

ಅವರು ನಗಲಿಲ್ಲ. ತಮಟೆಯವನ ಪಕ್ಕದಲ್ಲೇ ನಿಂತು ಕೈ ಬೀಸಿ ಬೀಸಿ ಬೇಗ ಬೇಗ ಬಾರಿಸುವಂತೆ ಮಾಡಿದರು. ಹಾಡು ಒಂದು ಕಡೆ, ತಮಟೆ ಇನ್ನೊಂದು ಕಡೆ. ಮೊದಲ ನುಡಿಯಲ್ಲೇ ಸಾಲಿನ ಕೊನೆಯ ನಿಲುಗಡೆಯನ್ನು ತಮಟೆ ನುಂಗಿತು. ಯಾವತ್ತೂ ತಪ್ಪದ ಅಡವಯ್ಯ, ಹೊರಗೆ ದಾಟಬೇಕಾದಲ್ಲಿ ಒಳಗೆ ದಾಟಿಬಿಟ್ಟ. ಕಂಡದ್ದು ನನಗೊಬ್ಬನಿಗೆ. ನಿಲ್ಲುವಂತಿರಲಿಲ್ಲ, ಕುಣಿದೆವು. ಜಡೆ ಅರ್ಧಕ್ಕೆ ಬರುವಷ್ಟರಲ್ಲಿ ಅತಿಥಿಗಳು ಎದ್ದು ಹೊರಟರು.

"ಸಾಕು, ಸಾಕು. ಭಾಷಣಕ್ಕೆ ಜಾಗ ಬೇಕು, ಕಂಬ ಕೀಳ್ರಿ. ಹಗ್ಗ ಕುಯ್ದು ಹಾಕ್ರಿ" ಎಂದರು ವ್ಯವಸ್ಥಾಪಕರು. ಯಾರೋ ಕುಡುಗೋಲನ್ನೂ ತಂದರು.

ಅಡವಯ್ಯ ಕಂಬಕ್ಕೆ ಬೆನ್ನು ಕೊಟ್ಟು ನಿಂತ. ಮುಖ ಬೂದಿಯಾಗಿತ್ತು, ಎಡಗೈಯನ್ನು ಎದೆಗೆ ಒತ್ತಿಕೊಂಡಿದ್ದ.

"ನಮ್ಮವ್ವನ ಸೀರೆ ಸಾಮಿ. ಕುಯ್ಯೋದಾದ್ರೆ ನನ್ ಕುಯ್ದು ಕುಯ್ರಿ."

"ಹಳೇ ಸೀರೆಗೆ ಏನಪ್ಪಾ ನಿನ್ನ ರಂಪ!" ಎಂದು ಅವರು ಗಡಿಯಾರ ನೋಡಿಕೊಂಡು ಶಾಮಿಯಾನಕ್ಕೆ ಹೋದರು. ಬಿಸಿಲಿನಲ್ಲಿ ಒಬ್ಬ ಮನುಷ್ಯ ಕುಸಿಯುತ್ತಿದ್ದುದು ಅವರ ಕಣ್ಣಿಗೆ ಬೀಳಲಿಲ್ಲ. ಇಂದು ಮೈಕಿನ ಮುಂದೆ ಅದೇ ಕಣ್ಣು ಒರೆಸಿಕೊಂಡರು.

"ಕೂತ್ಕೊಳೋ, ನಾವು ಬಿಚ್ತೀವಿ" ಎಂದೆ.

"ನಾನು ತಪ್ಪಿದ್ದು ನೀನ್ ಎಂಗ್ ಬಿಚ್ಚೀಯೋ ಮೇಷ್ಟ್ರೇ? ಕಾಡಸಿದ್ದಣ್ಣಾ, ಎತ್ತು. ಮೊದ್ಲನೇ ನುಡಿ ಮುಟ್ಟೋಗಂಟ ನಿಲ್ಲಿಸಬ್ಯಾಡ."

ತಮಟೆಯವನನ್ನು ಸುಮ್ಮನಿರಿಸಿದೆವು. ಬರೀ ಹಾಡಿಗೆ, ಕಾಡಸಿದ್ದಪ್ಪನ ಉಸಿರಿಗೆ ಹಿಂದುಹಿಂದಕ್ಕೆ ಕುಣಿದೆವು. ಅತ್ತ ಶಾಮಿಯಾನದಲ್ಲೇ ಊರ ಮುಖಂಡರ ಭಾಷಣ ಶುರುವಾಗಿತ್ತು. ಜಡೆ ಎಳೆ ಎಳೆಯಾಗಿ ಬಿಚ್ಚಿಕೊಂಡಿತು. ಅಡವಯ್ಯನ ಕೋಲು ನನ್ನ ಕೋಲಿಗೆ ತಾಗುವ ಸದ್ದು ಸಣ್ಣದಾಗುತ್ತ ಬಂತು, ಆದರೆ ಒಮ್ಮೆಯೂ ಮುಂಚೆ ಬೀಳಲಿಲ್ಲ, ತಡವಾಗಲಿಲ್ಲ. ಮೊದಲ ನುಡಿ ಬಂತು. ಅವನು ತಪ್ಪಿದ್ದ ಸಾಲಿನ ಕೊನೆಯಲ್ಲಿ ಹಾಡು ನಿಂತಿತು, ಕೋಲುಗಳು ಗಾಳಿಯಲ್ಲಿ ನಿಂತವು, ಅವನು ನನ್ನನ್ನು ನೋಡಿದ. ಹಾಡು ಮತ್ತೆ ಎದ್ದ ಕೂಡಲೇ, ಹೊರಗೆ ದಾಟಬೇಕಾದಲ್ಲಿ ಒಳಗೆ ದಾಟಿ, ತಾಯಿಯ ಸೀರೆಯನ್ನು ಬಿಡಿಸಿಕೊಂಡ.