ಚಲಪತಣ್ಣ ಕಾಯುತ್ತಿದ್ದ ಫೋನು

ಚಲಪತಣ್ಣನ ಹೆಬ್ಬೆರಳುಗಳು ಸುಮ್ಮನಿದ್ದುದನ್ನು ನಾನು ನೋಡಿದ್ದೇ ಕಡಿಮೆ. ಕಾಫಿ ಲೋಟ ಹಿಡಿದರೆ ಲೋಟದ ಅಂಚಿನ ಮೇಲೆ, ಪೇಪರು ಹಿಡಿದರೆ ಪೇಪರಿನ ಮೇಲೆ, ಕೈಯಲ್ಲಿ ಏನೂ ಇಲ್ಲದಿದ್ದರೆ ತೊಡೆಯ ಮೇಲೆ ಎರಡೂ ಹೆಬ್ಬೆರಳು ಏನನ್ನೋ ಒತ್ತುತ್ತಲೇ ಇರುತ್ತಿದ್ದವು. ಅವನ ಹೆಂಡತಿ ರತ್ನಮ್ಮಕ್ಕ ಇದನ್ನು ಹೇಳಿ ಹಣೆ ಹಣೆ ಬಡಿದುಕೊಳ್ಳುತ್ತಿದ್ದಳು. "ನಮ್ಮಪ್ಪನ ಹೆಣದ ಮುಂದೇನೇ ಗೇಮ್ ಆಡ್ಬಿಟ್ಟ ಕಣಮ್ಮ ಈವಯ್ಯ. ಕೈ ಕಟ್ಕೊಂಡು ನಿಂತವ್ನೆ, ಬೆರಳು ಮಾತ್ರ ಕುಣೀತಾ ಐತೆ. ನೆಂಟ್ರೆಲ್ಲಾ ಅದನ್ನೇ ನೋಡ್ತಾವ್ರೆ."

ಮುಳಬಾಗಿಲು ಬಸ್ ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ ಅವನ ಅಂಗಡಿ. ಬೋರ್ಡು ಇರಲಿಲ್ಲ. ಎಲ್ಲರೂ 'ಚಲಪತಿ ಗೇಮು' ಎನ್ನುತ್ತಿದ್ದರು. ಉದ್ದನೆಯ ಕತ್ತಲೆ ಕೋಣೆ, ಗೋಡೆಗೆ ಒರಗಿಸಿಟ್ಟ ಟೀವಿಗಳು, ಒಂದೊಂದರ ಕೆಳಗೂ ಒಂದೊಂದು ಕಪ್ಪು ಡಬ್ಬ. ಕನ್ಸೋಲ್ ಎಂಬ ಮಾತು ನಮ್ಮ ಕಡೆ ಯಾರ ಬಾಯಲ್ಲೂ ಇರಲಿಲ್ಲ. ಅದು ಡಬ್ಬ, ಕೈಯಲ್ಲಿ ಹಿಡಿದು ಒತ್ತುವುದು ರಿಮೋಟು, ಅಷ್ಟೇ. ವಯಸ್ಸಿನಲ್ಲಿ ಚಲಪತಣ್ಣ ಮಾಲೂರಿನ ಹೆಂಚಿನ ಕಾರ್ಖಾನೆಯಲ್ಲಿ ದುಡಿದು, ಬಿಸಿ ಹೆಂಚು ಎತ್ತಿ ಎತ್ತಿ ಬೆರಳ ತುದಿಗಳನ್ನು ಒಣ ತೊಗಲು ಮಾಡಿಕೊಂಡು, ಕೊನೆಗೆ ಸಾಕಾಗಿ ಊರಿಗೆ ಬಂದು ಈ ಅಂಗಡಿ ತೆರೆದಿದ್ದ. ಬದುಕಿನಲ್ಲಿ ತಾನು ಮಾಡಿದ ಒಂದೇ ಒಂದು ಇಷ್ಟದ ಕೆಲಸ ಇದು ಎಂದು ಅವನೇ ಹೇಳುತ್ತಿದ್ದ.

ನಾನು ಆಗ ದೇವರಾಯಸಮುದ್ರದಿಂದ ಮುಳಬಾಗಿಲಿಗೆ ಕಾಲೇಜಿಗೆ ಬರುತ್ತಿದ್ದೆ. ಸಂಜೆಯ ಬಸ್ಸು ಯಾವತ್ತೂ ತಡ. ಒಂದು ದಿನ ಮಳೆಗೆ ಅಂಗಡಿಯ ಬಾಗಿಲಲ್ಲಿ ನಿಂತವಳು ಟೀವಿಯಲ್ಲಿ ಓಡುತ್ತಿದ್ದ ಬೈಕುಗಳನ್ನು ನೋಡುತ್ತಾ ಮಳೆ ನಿಂತದ್ದನ್ನೇ ಗಮನಿಸಲಿಲ್ಲ. ಚಲಪತಣ್ಣ ಒಳಗಿನಿಂದ ಕೂಗಿದ. "ಲೇ, ಜರುಗ್ರೋ. ಅಮ್ಮಾಯಿ ಆಡ್ತದೆ." ಅವತ್ತಿನಿಂದ ಆ ಅಂಗಡಿಗೆ ಬರುತ್ತಿದ್ದ ಒಬ್ಬಳೇ ಹುಡುಗಿ ನಾನು. ಎರಡನೆಯ ದಿನವೇ, "ಅಣ್ಣಾ ಅಂದ್ಮೇಲೆ ನೀವು ಗೀವು ಬೇಡಮ್ಮ, ಗವರ್ನಮೆಂಟ್ ಆಫೀಸಿಗೆ ಬಂದಂಗೆ ಆಗ್ತದೆ" ಎಂದು ಬಹುವಚನ ಬಿಡಿಸಿದ. ನನ್ನೆದುರು ಹುಡುಗರ ಬಾಯಿಂದ ಒಂದು ಕೆಟ್ಟ ಮಾತು ಬಂದರೆ ಎದ್ದು ಹೋಗಿ ಅವರ ಟೀವಿ ಆರಿಸುತ್ತಿದ್ದ.

ಅಂಗಡಿಗೆ ಇದ್ದದ್ದು ಒಂದೇ ಕಾನೂನು. ಸೋತವನು ಎದ್ದು ರಿಮೋಟನ್ನು ಮುಂದಿನವನ ಕೈಗೆ ಕೊಡಬೇಕು, ಆಮೇಲೆ ಬೆಂಚಿನ ಹಿಂದೆ ನಿಂತು ನೋಡಬೇಕು. ಎಸೆಯುವಂತಿಲ್ಲ, ಇಟ್ಟು ಹೋಗುವಂತಿಲ್ಲ, ಕೈಗೆ ಕೈ ತಾಗುವಂತೆ ಕೊಡಬೇಕು. ಒಮ್ಮೆ ಯಾವನೋ ದೊಡ್ಡ ಮನೆಯ ಹುಡುಗ ಏಳುವುದಿಲ್ಲವೆಂದು ಹಟ ಹಿಡಿದಾಗ ಚಲಪತಣ್ಣ ಅವನ ಪಕ್ಕ ಕುಕ್ಕರುಗಾಲಲ್ಲಿ ಕೂತು ಮೆತ್ತಗೆ ಹೇಳಿದ. "ಸೋತ್ರೆ ಏಳ್ಬೇಕಪ್ಪಾ. ಕಲೆಕ್ಟರ್ ಮಗ ಆದ್ರೂ ಏಳ್ಬೇಕು. ನಿಂತ್ಕೊಂಡು ನೋಡಿದ್ರೇನೇ ಆಟ ಬರೋದು." ಬೆಂಚಿನ ಹಿಂದೆ ನಿಂತವರ ಕೂಗಾಟವೇ ಆ ಅಂಗಡಿಯ ಜೀವ. ಆಡುವವರಿಗಿಂತ ನಿಂತವರೇ ಹೆಚ್ಚು, ಅವರದೇ ಬುದ್ಧಿವಾದ ಹೆಚ್ಚು. ನಾನೂ ಎಷ್ಟೋ ಸಲ ಎದ್ದು ಕೊಟ್ಟಿದ್ದೇನೆ. ಆಮೇಲಿನ ಬದುಕಿನಲ್ಲಿ ಬಂದ ಸೋಲುಗಳಿಗೆ ಹೋಲಿಸಿದರೆ ಅವು ಬಹಳ ಮರ್ಯಾದೆಯ ಸೋಲುಗಳು.

ಮದುವೆಯಾಗಿ ನಾನು ಮುಳಬಾಗಿಲಿಗೇ ಬಂದೆ. ಕೋಲಾರದ ಒಂದು ಕಚೇರಿಯಲ್ಲಿ ಗುಮಾಸ್ತೆಯ ಕೆಲಸ. ಬೆಳಿಗ್ಗೆ ಬಸ್ಸು, ಸಂಜೆ ಬಸ್ಸು, ಇಳಿದರೆ ಮನೆಯಲ್ಲಿ ಮತ್ತೆ ಒಲೆ. ಬಸ್ಸಿಗೂ ಮನೆಗೂ ನಡುವೆ ಹತ್ತು ನಿಮಿಷ ಚಲಪತಣ್ಣನ ಅಂಗಡಿಯ ಬಾಗಿಲಲ್ಲಿ ಕೂತು ಕಾಫಿ ಕುಡಿಯುವುದು ಅಭ್ಯಾಸವಾಯಿತು. ಅಷ್ಟು ಹೊತ್ತಿಗೆ ಫೋನುಗಳು ಬಂದು ಅಂಗಡಿ ಬರಿದಾಗಿತ್ತು. ಬರಿದಾಗಿತ್ತು ಎಂದರೆ ಹುಡುಗರು ಬರುತ್ತಿರಲಿಲ್ಲ ಎಂದಲ್ಲ. ಬರುತ್ತಿದ್ದರು. ಅವನದೇ ಜಗುಲಿಯ ಮೇಲೆ, ಅವನದೇ ಫ್ಯಾನಿನ ಕೆಳಗೆ ಸಾಲಾಗಿ ಕೂತು, ಅವನದೇ ಕರೆಂಟಿನಲ್ಲಿ ಫೋನು ಚಾರ್ಜು ಮಾಡಿಕೊಂಡು, ತಲೆ ತಗ್ಗಿಸಿ ಅವರವರ ಫೋನಿನಲ್ಲಿ ಅವರವರ ಆಟ ಆಡುತ್ತಿದ್ದರು. ಯಾರೂ ಕೂಗುತ್ತಿರಲಿಲ್ಲ. ಒಳಗೆ ಟೀವಿಗಳು ಆರಿದ್ದವು.

"ಓಡಿಸ್ಬಾರ್ದಾ ಅಣ್ಣಾ ಇವ್ರನ್ನ?" ಎಂದೆ.

"ಓಡ್ಸಿದ್ರೆ ನಾನೊಬ್ನೇ ಕೂತ್ಕೋಬೇಕಲ್ಲಮ್ಮ."

ಅವನೂ ಫೋನಿನಲ್ಲಿ ಆಡಲು ನೋಡಿದ. ಆಗಲಿಲ್ಲ. ಮಾಲೂರಿನ ಹೆಂಚು ಸುಟ್ಟ ಬೆರಳನ್ನು ಆ ಗಾಜು ಗುರುತಿಸಲೇ ಇಲ್ಲ. ಒತ್ತುತ್ತಾನೆ, ಉಜ್ಜುತ್ತಾನೆ, ಬೈಕು ನೇರ ಹೋಗಿ ಗೋಡೆಗೆ ಗುದ್ದುತ್ತದೆ. ಯಾರೋ ಬೆರಳು ಒದ್ದೆ ಮಾಡಿಕೋ ಎಂದರು. ಪಕ್ಕದಲ್ಲಿ ನೀರಿನ ಲೋಟ ಇಟ್ಟುಕೊಂಡು ಅದ್ದಿ ಅದ್ದಿ ಆಡಿದ. ಹುಡುಗರು ನಕ್ಕರು, ಅವನೂ ನಕ್ಕ. ಆಮೇಲೆ ಲೋಟ ತಳ್ಳಿ, "ನನ್ನ ಬೆರಳು ಇದಕ್ಕೆ ಕಾಣ್ಸಲ್ಲಮ್ಮ. ನಾನು ಸತ್ತೋಗಿದೀನಿ ಅಂದ್ಕೊಂಡೈತೆ" ಎಂದ. ನಗುತ್ತಲೇ ಹೇಳಿದ. ನಾನು ಮಾತ್ರ ಉಳಿದ ಕಾಫಿ ಚೆಲ್ಲಿ ಎದ್ದೆ.

ಹೀಗಿರುವಾಗ ಆ ಸುದ್ದಿ ಬಂತು. ಡಬ್ಬ ಮಾಡುವ ಕಂಪನಿಯೇ ಇನ್ನು ಮೇಲೆ ಫೋನು ಮಾಡುತ್ತದಂತೆ, ಆಟಕ್ಕೆಂದೇ ಮೀಸಲಾದ ಫೋನು, ಎರಡು ಕಡೆಯೂ ನಿಜವಾದ ಬಟನ್ನು. ಯಾವುದೋ ವಿಡಿಯೋದಲ್ಲಿ ಯಾರೋ ಹೇಳಿದ್ದು. ಚಲಪತಣ್ಣ ಅದನ್ನು ದೇವರ ಅಪ್ಪಣೆಯಂತೆ ನಂಬಿದ. ಅಂಗಡಿಯ ಜಾಗದ ಮಾಲೀಕರು ಅದನ್ನು ಮೊಬೈಲ್ ಕವರ್ ಮಾರುವವರಿಗೆ ಕೊಡಬೇಕೆಂದು ಕೂತಿದ್ದರು. ಇವನು ಅವರ ಕೈಕಾಲು ಹಿಡಿದು ತಡೆದ. ಆ ಫೋನು ಬಂದರೆ ಈ ನಾಲ್ಕು ತಾಲ್ಲೂಕಿಗೆ ಮೊದಲು ತರುವವನು ತಾನೇ, ಕೋಲಾರ ಶ್ರೀನಿವಾಸಪುರದ ಹುಡುಗರೆಲ್ಲ ತನ್ನ ಬೆಂಚಿಗೇ ಬರುತ್ತಾರೆ ಎಂಬುದು ಅವನ ಎಣಿಕೆ. ಎದುರಿನ ಗೋಡೆಯಲ್ಲಿ ಒಂದು ಗಾಜಿನ ಗೂಡು ಖಾಲಿ ಮಾಡಿ, ದಿನಾ ಒರೆಸಿ ಇಡುತ್ತಿದ್ದ. ಅಲ್ಲಿ ಒಂದು ಬೆಂಕಿಪೊಟ್ಟಣ ಇಟ್ಟರೂ ರೇಗುತ್ತಿದ್ದ.

ನಮ್ಮ ಜಗಳ ಶುರುವಾದದ್ದು ಆಗಲೇ. ಸಂಜೆಯ ಆ ಹತ್ತು ನಿಮಿಷ ಎಷ್ಟೋ ಸಲ ಅರ್ಧ ಗಂಟೆಯಾಗುತ್ತಿತ್ತು.

"ಗೆಲ್ಲಲ್ಲ ಅಣ್ಣಾ. ಎಲ್ಲರ ಕೈಯಲ್ಲೂ ಆಗ್ಲೇ ಒಂದು ಫೋನಿದೆ. ಅದೇ ಆಟ ಆಡ್ಸುತ್ತೆ. ಇನ್ನೊಂದ್ಯಾಕೆ ತಗೋತಾರೆ?"

"ಊಟದ ತಟ್ಟೇಲಿ ಕಾಫಿ ಕುಡೀತೀಯಾ ನೀನು?"

"ಲೋಟ ಬೇರೆ ಕೊಂಡ್ಕೋಬೇಕು ಅಂದ್ರೆ ಜನ ತಟ್ಟೇಲೇ ಕುಡೀತಾರೆ."

"ಆ ಕಂಪನಿಯೋರ ಹತ್ರ ಒಳ್ಳೊಳ್ಳೆ ಆಟ ಎಷ್ಟವೆ ಗೊತ್ತಾ?"

"ಇರ್ಲಿ. ಫೋನಿನ ಆಟ ಮಾಡೋರೆಲ್ಲ ಗಾಜಿಗೇ ಮಾಡೋದು. ಈ ಒಂದು ಕಂಪನಿ ಬಟನ್ನಿಗೆ ಅಂತ ಬೇರೆ ಮಾಡ್ತಾರಾ? ಅಲ್ದೆ ಗೇಮ್ ಫೋನು ಅಂದ್ರೆ ಯಾವ ತಾಯಿ ಕೊಡಿಸ್ತಾಳೆ ಹೇಳು?"

ಇದಕ್ಕೆ ಅವನು ಖುಷಿಯಿಂದ ತೊಡೆ ತಟ್ಟಿದ. "ಅಲ್ಲೇ ಇರೋದು ನೋಡು ಮರ್ಮ! ಡಬ್ಬ ಅಂದ್ರೆ ತಾಯಿ ಕೊಡ್ಸಲ್ಲ. ಫೋನು ಅಂದ್ರೆ ಕೊಡಿಸ್ತಾಳೆ. ಕ್ಲಾಸು, ನೋಟ್ಸು, ಏನೋ ಒಂದು ಹೇಳಿದ್ರಾಯ್ತು. ಡಬ್ಬಾನ ಫೋನ್ ಒಳಗೆ ಬಚ್ಚಿಟ್ಕೊಂಡು ಮನೆಗೆ ನುಗ್ಗೋಕೆ ಅವ್ರು ಹೊಂಚು ಹಾಕ್ತಾವ್ರೆ. ನಿನ್ಗೆ ತಿಳಿಯಲ್ಲ ಬಿಡು, ನೀನು ಫೈಲ್ ನೋಡೋಳು."

ಆ ಮಾತು ಬಂದಾಗಲೆಲ್ಲ ನಾನು ಬ್ಯಾಗು ಹೆಗಲಿಗೇರಿಸಿ ಎದ್ದುಬಿಡುತ್ತಿದ್ದೆ. ಸುದ್ದಿ ಒಂದು ವರ್ಷ ಬಂದು ಆರಿತು. ಮರುವರ್ಷ ಮತ್ತೆ ಬಂದು ಮತ್ತೆ ಆರಿತು. ಚಲಪತಣ್ಣ ಒಂದೊಂದೇ ಟೀವಿ ಮಾರಿದ. ಗೂಡು ಒರೆಸುವುದನ್ನು ಮಾತ್ರ ಬಿಡಲಿಲ್ಲ. ರತ್ನಮ್ಮಕ್ಕ ಹೂ ಕಟ್ಟಿ ಮಾರತೊಡಗಿದ್ದಳು. "ಫೋನ್ ಬರ್ತದಂತೆ" ಎಂದಷ್ಟೇ ಹೇಳಿ ನನ್ನ ಮುಖ ನೋಡುತ್ತಿದ್ದಳು. ಅವಳಿಗೆ ಕೋಪ ಮಾಡಿಕೊಳ್ಳುವಷ್ಟೂ ತ್ರಾಣ ಉಳಿದಿರಲಿಲ್ಲ.

ಆಗ ನಂಗಲಿಯಿಂದ ಅವಳ ತಮ್ಮ ಮುನಿರಾಜು ಬಂದ. ಹೈವೇ ಪಕ್ಕದಲ್ಲಿ ಲಾರಿಗಳಿಗೆ ಹಗ್ಗ, ಟಾರ್ಪಾಲು ಮಾರುವವನು. ಯಾವುದೋ ಲಾರಿ ಡ್ರೈವರಿನ ಹತ್ತಿರ ಒಂದು ಹಳೆಯ ಫೋನು ಕಂಡು ಭಾವನಿಗೆಂದು ತಂದಿದ್ದ. ಗಾಜನ್ನು ಮೇಲಕ್ಕೆ ಜಾರಿಸಿದರೆ ಕೆಳಗೆ ಬಟನ್ನುಗಳು. ಡಬ್ಬ ಮಾಡುವ ಕಂಪನಿಯೊಂದು ಹಿಂದೆಯೇ ಇಂಥದೊಂದು ಮಾಡಿ ಕೈಬಿಟ್ಟಿತ್ತಂತೆ. ಚಲಪತಣ್ಣ ಅದನ್ನು ಹಿಡಿದು ಗಾಜನ್ನು ಜಾರಿಸಿ ಮುಚ್ಚಿ ನೋಡಿದ. ಆಮೇಲೆ ರತ್ನಮ್ಮಕ್ಕನಿಂದ ಅರಿಶಿನ ಕುಂಕುಮ ತರಿಸಿದ, ಫೋನಿಗೆ ಇಟ್ಟ, ಅಂಗಡಿ ಬಾಗಿಲಲ್ಲಿ ಕಾಯಿ ಒಡೆದ.

ಅದರಲ್ಲಿ ಉಳಿದಿದ್ದದ್ದು ಒಂದೇ ಆಟ, ಬೈಕು ಓಡಿಸುವುದು. ಬೇರೆ ತರಿಸಲು ಹೋದರೆ ಆ ಕಂಪನಿಯವರು ಅದನ್ನೆಲ್ಲ ಎಂದೋ ಮುಚ್ಚಿದ್ದರು. ಆದರೇನು, ಅವನ ಬೆರಳಿಗೆ ಬೈಕು ತಿರುಗಿತು! ಮೊದಲ ಓಟದಲ್ಲೇ ಗೆದ್ದ. ಜಗುಲಿಯ ಹುಡುಗರು ಎದ್ದು ಬಂದರು. ಸೋತವನು ಫೋನನ್ನು ಮುಂದಿನವನ ಕೈಗೆ ಕೊಟ್ಟ, ಬೆಂಚಿನ ಹಿಂದೆ ನಿಂತ. ಕೂಗಾಟ ಶುರುವಾಯಿತು. ನಾನೂ ಬ್ಯಾಗು ಕೆಳಗಿಟ್ಟು ಒಂದು ಓಟ ಆಡಿ, ಸೋತು, ಎದ್ದು ಕೊಟ್ಟೆ. "ನೋಡ್ದಾ ಅಮ್ಮಾಯಿ? ಹಳೇದಕ್ಕೇ ಹಿಂಗೆ. ಹೊಸದು ಬಂದ್ರೆ?" ಎಂದು ಚಲಪತಣ್ಣ ನನ್ನ ಕಿವಿಯ ಹತ್ತಿರ ಕೂಗಿದ. ಅವತ್ತು ಮನೆಗೆ ಹೋಗುವಾಗ, ಇವನೇ ಸರಿಯಿರಬಹುದೇನೋ ಎಂದು ನನಗೂ ಅನಿಸಿತ್ತು.

ಉತ್ಸಾಹದಲ್ಲಿ ಅವನು ಆ ಫೋನಿಗೆ ತನ್ನ ಸಿಮ್ ಹಾಕಿಬಿಟ್ಟ. ಫೋನು ಎಂದ ಮೇಲೆ ಫೋನಾಗಿಯೂ ಇರಲಿ ಎಂದು. ಮರುದಿನ ಸಂಜೆ ಒಬ್ಬ ಡಿಗ್ರಿ ಹುಡುಗ ಇನ್ನೇನು ಗೆಲ್ಲಬೇಕು, ಅಷ್ಟರಲ್ಲಿ ರತ್ನಮ್ಮಕ್ಕನ ಫೋನು ಬಂತು. ಬೈಕು ಮಾಯವಾಗಿ ಅಕ್ಕನ ಹೆಸರು ಬಂತು. ಅವನು ಸೋತನೋ ಇಲ್ಲವೋ ಎಂದು ಜಗಳವಾಯಿತು. ಎಲ್ಲ ಸುಮ್ಮನಾದ ಮೇಲೆ ಚಲಪತಣ್ಣ ರಾಜಿ ಮಾಡುವವನಂತೆ ಅದೇ ಹುಡುಗನ ಕಡೆ ಕೈ ಚಾಚಿದ. "ಹೋಗ್ಲಿ, ನಿನ್ ಫೋನ್ ಕೊಡು. ಅದ್ರಲ್ಲೇ ಎಲ್ರೂ ಒಂದೊಂದ್ ಆಟ ಆಡಾಣ."

ಹುಡುಗ ಫೋನನ್ನು ಎದೆಗೆ ಒತ್ತಿಕೊಂಡ. "ಇದ್ರಲ್ಲಾ? ಬೇಡಣ್ಣ. ನಂದೆಲ್ಲಾ ಇದ್ರಲ್ಲೇ ಐತೆ."

ಚಲಪತಣ್ಣ ಪಕ್ಕದವನ ಕಡೆ ನೋಡಿದ. ಅವನು ತನ್ನದನ್ನು ಜೇಬಿಗೆ ಇಳಿಸಿದ. ಇನ್ನೊಬ್ಬ ಚಾರ್ಜಿಗೆ ಹಾಕಿದ್ದನ್ನು ಕಿತ್ತುಕೊಂಡ. ಯಾರಲ್ಲೂ ಅಗೌರವ ಇರಲಿಲ್ಲ. ಫೋನು ಕೇಳಿದರೆ ಯಾರಾದರೂ ಮಾಡುವುದನ್ನೇ ಅವರೂ ಮಾಡಿದರು. ನಾನೂ ನನ್ನ ಬ್ಯಾಗಿನ ಜಿಪ್ಪು ಎಳೆದುಕೊಂಡಿದ್ದೆ.

ಮರುದಿನ ಕಾಫಿ ತಂದುಕೊಟ್ಟು ಅವನೇ ಮಾತು ತೆಗೆದ. "ಫೋನನ್ನ ಯಾರೂ ಯಾರ ಕೈಗೂ ಕೊಡಲ್ಲಮ್ಮ. ಡಬ್ಬ ಯಾರದೂ ಅಲ್ಲ, ಅದಕ್ಕೇ ಎಲ್ರೂ ಆಡಿದ್ರು. ಕಂಪನಿಯೋರು ಮಾಡ್ಲಿ, ಲೋಕವೆಲ್ಲಾ ತಗೊಳ್ಳಲಿ, ಅವರು ಗೆದ್ರೂ ನನ್ನ ಬೆಂಚಿಗೆ ಒಬ್ನೂ ಬರಲ್ಲ. ಇಷ್ಟು ದಿನ ನಾನು ಇದನ್ನ ಯೋಚ್ನೇನೇ ಮಾಡಿರ್ಲಿಲ್ಲ ನೋಡು." ಕಾರಣಗಳ ಮೇಲೆ ಕಾರಣ ಹೇಳುತ್ತಿದ್ದ ನನಗೂ ಅದು ಹೊಳೆದಿರಲಿಲ್ಲ. ಆ ವಾರದಲ್ಲೇ ಮಾಲೀಕರಿಗೆ ಬೀಗದ ಕೈ ಕೊಟ್ಟ. ಬೆಂಚುಗಳನ್ನು ಟೆಂಪೋಗೆ ಹಾಕಿಸಿ, ಗಂಡ ಹೆಂಡತಿ ನಂಗಲಿಗೆ ಹೋದರು. ಮುನಿರಾಜುವಿನ ಅಂಗಡಿಯಲ್ಲಿ ಕೂರಲು ಒಬ್ಬರು ಬೇಕಿತ್ತು.

ಅವನನ್ನು ಕೊನೆಯ ಸಲ ನೋಡಿದ್ದು ಅಲ್ಲೇ. ಸಹೋದ್ಯೋಗಿಯ ಮಗಳ ಮದುವೆಗೆಂದು ಆ ಕಡೆ ಹೋದವಳು ವಾಪಸು ಬರುವಾಗ ಇಳಿದೆ. ಮಧ್ಯಾಹ್ನದ ಬಿಸಿಲು, ಲಾರಿಗಳ ಧೂಳು. ಟಾರ್ಪಾಲಿನ ಸುರುಳಿಗಳ ನಡುವೆ ಕೂತು ಡ್ರೈವರೊಬ್ಬನಿಗೆ ಹಗ್ಗ ಅಳೆಯುತ್ತಿದ್ದ. ಸಣ್ಣಗಾಗಿದ್ದ. "ಬಾಮ್ಮ" ಎಂದ. ಮಕ್ಕಳ ವಿಷಯ ಕೇಳಿದ, ಉತ್ತರ ಕೇಳಿಸಿಕೊಳ್ಳಲಿಲ್ಲ. ಕೊನೆಗೆ ಅವನೇ ಹಗ್ಗ ನೋಡುತ್ತಾ ಕೇಳಿದ. "ನನ್ ಬೆಂಚಿನ ಕತೆ ಬಿಡು. ಸುಮ್ನೆ ಕೇಳ್ತೀನಿ. ಕಂಪನಿಯೋರು ನಿಜ್ವಾಗ್ಲೂ ಆ ಫೋನ್ ಮಾಡಿದ್ರೆ, ಗೆಲ್ತಾರಾ?"

ಆ ಮುಖ ನೋಡಿದರೆ ಗೆಲ್ಲುತ್ತಾರೆ ಎಂದುಬಿಡಬೇಕು ಅನಿಸಿತು. ನಾಲಿಗೆ ತುದಿಗೆ ಬಂದಿತ್ತು. ಆದರೆ ಅಯ್ಯೋ ಪಾಪ ಎಂದು ಅವನಿಗೆ ಸುಳ್ಳು ಹೇಳುವುದು ನನ್ನಿಂದಾಗಲಿಲ್ಲ.

"ಇಲ್ಲ ಅಣ್ಣಾ. ಗೆಲ್ಲಲ್ಲ."

ಹಗ್ಗ ಕೆಳಗೆ ಬಿತ್ತು. "ಅದ್ಯಾಕೆ ಗೆಲ್ಲಲ್ಲ?" ಎಂದು ತಿರುಗಿ ಕೂತ. ದನಿ ಏರಿತು, ಕಣ್ಣಿಗೆ ಬೆಳಕು ಬಂತು. ಹಳೆಯ ವಾದದ ತಟ್ಟೆ ಲೋಟ ಎಲ್ಲ ಬಂತು, ತಾಯಂದಿರು ಬಂದರು. ನಾನು ಒಂದು ಹೇಳಿದರೆ ಅವನು ಎರಡು ಹೇಳಿದ. ಡ್ರೈವರು ಹಗ್ಗ ಕೇಳಿದರೆ, "ಇರಯ್ಯಾ ಸ್ವಲ್ಪ, ಮುಖ್ಯವಾದ ಮಾತು ನಡೀತೈತೆ" ಎಂದು ಗದರಿದ. ನನ್ನ ಬಸ್ಸು ಬಂದು ಹೋಯಿತು. ಮುಂದಿನ ಬಸ್ಸಿಗೆ ಹತ್ತಿದಾಗಲೂ ಕಿಟಕಿಯ ಕೆಳಗೆ ನಿಂತು ಇನ್ನೂ ವಾದಿಸುತ್ತಿದ್ದ. ಎಂಜಿನ್ನಿನ ಸದ್ದಿನಲ್ಲಿ ಕೊನೆಯ ಮಾತು ಕೇಳಿಸಲಿಲ್ಲ.

ಕಾರ್ತಿಕದಲ್ಲಿ ಮುನಿರಾಜು ಫೋನ್ ಮಾಡಿದ. ಊಟ ಮಾಡಿ ಕೈ ತೊಳೆಯಲು ಎದ್ದ ಚಲಪತಣ್ಣ ಅಲ್ಲೇ ಕುಸಿದು ತೀರಿಕೊಂಡನಂತೆ. ಹೋಗಿ ಬಂದೆ. ರತ್ನಮ್ಮಕ್ಕ ಅಳಲಿಲ್ಲ, ಗೋಡೆಗೆ ಒರಗಿ ಕೂತಿದ್ದಳು.

ಮೊನ್ನೆ ಕೋಲಾರದಿಂದ ಬರುವಾಗ ಬಸ್ಸಿನಲ್ಲಿ ಸುಮ್ಮನೆ ಫೋನು ನೋಡುತ್ತಿದ್ದೆ. ಆ ಸುದ್ದಿ ಮತ್ತೆ ಬಂದಿದೆ. ಕಂಪನಿಯವರು ಈ ಸಲ ಆಟದ ಫೋನು ತರುವುದು ಖಂಡಿತವಂತೆ. ಇದೂ ಗೆಲ್ಲುವುದಿಲ್ಲ ಎನ್ನಲು ಒಂದೊಂದೇ ಕಾರಣ ಮನಸ್ಸಿನಲ್ಲಿ ಸಾಲಾಗಿ ಜೋಡಿಸಿಕೊಂಡೆ, ಒಂದೆರಡು ಹೊಸವೂ ಸಿಕ್ಕವು. ಮುಳಬಾಗಿಲು ಬಂತು. ಇಳಿದು ನಿಂತೆ. ಗೆಲ್ಲುವುದಿಲ್ಲ ಎಂದು ಹೇಳೋಣವೆಂದರೆ, ಗೆಲ್ಲುತ್ತದೆ ಎನ್ನುವವರು ಯಾರೂ ಇರಲಿಲ್ಲ.