ಐಸಾ ಅಂದರೆ

ಭಾವನಿಗೆ, ಅಂದರೆ ನನ್ನ ಅಕ್ಕನ ಗಂಡನಿಗೆ, ಟಿವಿಯಲ್ಲಿ ಕಂಡದ್ದೇ ವೇದ. ಬರೆಯುವಾಗಲೂ ಅವನಿಗೆ ಬಹುವಚನ ಕೊಡಲು ನನಗೆ ಮನಸ್ಸಿಲ್ಲ. ಭಾನುವಾರ ನಮ್ಮ ಡೊಂಬಿವಲಿಯ ಮನೆಗೆ ಊಟಕ್ಕೆ ಬಂದರೆ ಸಾರು ಮುಗಿಯುವಷ್ಟರಲ್ಲಿ ಪಿರಮಿಡ್ಡು ಶುರು. "ಅಷ್ಟು ದೊಡ್ಡ ಕಲ್ಲು ಎತ್ತುವುದು ಮನುಷ್ಯರಿಂದ ಆಗುವ ಕೆಲಸವಾ ಮಾರಾಯ್ರೆ? ಆಕಾಶದಿಂದ ಬಂದವರೇ ಇಟ್ಟದ್ದು."

ಹೇಳುತ್ತಿದ್ದದ್ದು ಯಾರೆದುರು? ವಾಗ್ಳೆ ಎಸ್ಟೇಟಿನ ಕಾರ್ಖಾನೆಗಳಲ್ಲಿ ಮೂವತ್ತು ವರ್ಷ ಭಾರೀ ಯಂತ್ರಗಳನ್ನು ಪೈಪುಗಳ ಮೇಲೆ ಉರುಳಿಸಿ, ಹಾರೆಯಿಂದ ಮೀಟಿ ಕೂರಿಸಿದ ನನ್ನ ಅಪ್ಪನೆದುರು. ಅಪ್ಪ ಮಜ್ಜಿಗೆ ಕುಡಿದು ಏಳುತ್ತಿದ್ದರು. ನನಗೆ ಮೈಯೆಲ್ಲ ಉರಿಯುತ್ತಿತ್ತು.

ಆಮೇಲೆ ಭಾವ ವಾಶಿಯಲ್ಲಿ ಹೋಟೆಲು ಮಾಡಿದ. ಬಾಗಿಲಲ್ಲಿ ನಿಲ್ಲಿಸಲು ಕಾರ್ಕಳದಿಂದ ಒಂದೇ ಕಲ್ಲಿನ ದೀಪಸ್ತಂಭ ಬಂತು. ಕಟ್ಟಡದ ಮೇಲ್ಮಹಡಿ ಮುಂದಕ್ಕೆ ಚಾಚಿದ್ದರಿಂದ ಕ್ರೇನಿನ ಕೈ ಬಾಗಿಲವರೆಗೆ ಹೋಗಲಿಲ್ಲ. ಕಲ್ಲನ್ನು ರಸ್ತೆಯಂಚಿಗೆ ಇಳಿಸಿ ಕ್ರೇನು ಹೊರಟುಹೋಯಿತು. ಉದ್ಘಾಟನೆಗೆ ಎರಡೇ ದಿನ. ಆಗ ಭಾವನಿಗೆ ಮಾವನ ನೆನಪಾಯಿತು.

"ಹಾರಿ ಕೊಡ್ರಿ, ನಾಕ್ ಪೈಪ್ ಕೊಡ್ರಿ ಅಳಿಯಂದ್ರ, ಆಕ್ಕೈತಿ," ಎಂದರು ಅಪ್ಪ. ಕಂಬವನ್ನು ಪೈಪುಗಳ ಮೇಲೆ ಉರುಳಿಸಿ, ಅದರ ಬುಡವನ್ನು ನೆಡಲು ತೋಡಿದ್ದ ಗುಂಡಿಯ ಬಾಯಿಗೆ ತಂದರು. ಇನ್ನು ತಲೆ ಎತ್ತಬೇಕು. ಹಾರೆಯಿಂದ ಒಂದಿಷ್ಟು ಮೀಟುವುದು, ಕಲ್ಲಿನಡಿಗೆ ಒಂದು ಹಲಗೆ ಸೇರಿಸುವುದು, ಮತ್ತೆ ಮೀಟುವುದು. ಇನ್ನೊಂದು ಹಾರೆ ಹಿಡಿದಿದ್ದವನು ಹೋಟೆಲಿನ ದೋಸೆಯವನು, ಉತ್ತರ ಭಾರತದ ಕಡೆಯ ನಡುವಯಸ್ಸಿನವನು.

ಅಪ್ಪ ಹಲಗೆ ತೂರಿಸುತ್ತ, ಊರಿನ ಅಭ್ಯಾಸದಂತೆ, "ಐಸಾ!" ಎಂದು ಕೂಗಿದರು. ಎಲ್ಲರೂ ಒಟ್ಟಿಗೆ ಬಲ ಹಾಕಿ ಎಂದು ಅರ್ಥ. ದೋಸೆಯವನಿಗೆ ಅದು ಹಿಂದಿಯಾಗಿ ಕೇಳಿಸಿತು: ‘ಹೀಗೆ’ ಎಂದು. ಹೇಗೆ ಎಂದು ನೋಡಲು ಕೈ ಸಡಿಲಿಸಿ ತಿರುಗಿದ. "ಕೈಸಾ?"

ಕಲ್ಲು ಕೂತಿತು. ಅಪ್ಪನ ಬೆರಳು ಅದರಡಿಗೆ ಸಿಕ್ಕಿತು.

ಅಪ್ಪ ಬೈಯಲಿಲ್ಲ. ಬೆರಳಿಗೆ ಬಟ್ಟೆ ಸುತ್ತಿಕೊಂಡು ಅವನಿಗೆ ಆ ಕೂಗಿನ ಅರ್ಥ ತಿಳಿಸಿದರು. ಸಂಜೆಯೊಳಗೆ ಕಂಬ ನೆಟ್ಟಗೆ ನಿಂತಿತು.

ಉದ್ಘಾಟನೆಯ ದಿನ ಅತಿಥಿಯೊಬ್ಬರು ಕಂಬ ತಟ್ಟಿ, "ಇತನಾ ಬಡಾ ಪತ್ಥರ್, ಖಡಾ ಕೈಸಾ ಕಿಯಾ?" ಎಂದು ಕೇಳಿದರು, ಇಷ್ಟು ದೊಡ್ಡ ಕಲ್ಲು ನಿಲ್ಲಿಸಿದ್ದು ಹೇಗೆ ಅಂತ. ಭಾವ ನಾಚಿಕೆಯಿಲ್ಲದೆ, "ಕ್ರೇನ್ ಸೇ," ಎಂದ. ಅಪ್ಪ ಅಲ್ಲೇ ಇದ್ದರು, ಬ್ಯಾಂಡೇಜು ಕಟ್ಟಿದ ಕೈಯನ್ನು ಪಂಚೆಯ ಮಡಿಕೆಯಲ್ಲಿ ಮುಚ್ಚಿಕೊಂಡು. ನಾನು ಬಾಯಿ ತೆರೆದೆ. "ಮಗಳ ಮನಿ ಐತಿ, ಸುಮ್ನಿರು," ಎಂದರು. ಆ ಕ್ಷಣ ಅಪ್ಪನ ಮೇಲೂ ಕೋಪ ಬಂತು.

ಅಷ್ಟರಲ್ಲಿ ತಟ್ಟೆ ಹಿಡಿದು ಬಂದ ದೋಸೆಯವನು ತಟ್ಟೆಯನ್ನು ಮೇಜಿನ ಮೇಲಿಟ್ಟ. ಇಲ್ಲದ ಹಾರೆಯನ್ನು ಎರಡೂ ಕೈಯಲ್ಲಿ ಹಿಡಿದು, ಅಪ್ಪನನ್ನೇ ನೋಡುತ್ತ, ಮೈಯೆಲ್ಲ ಬಗ್ಗಿಸಿ ಕೂಗಿದ: "ಐಸಾ!"

ಮರುವಾರ ಭಾವ ಅವನನ್ನು ಕೆಲಸದಿಂದ ತೆಗೆದ. ಅಂದಿನಿಂದ ನಾನು ಆ ಹೋಟೆಲಿನ ನೀರೂ ಮುಟ್ಟಿಲ್ಲ. ಅಪ್ಪ ಮಾತ್ರ ಆಗಾಗ ವಾಶಿಗೆ ಹೋಗಿ ಬರುತ್ತಿದ್ದರು. ಒಳಗೆ ಹೋಗುತ್ತಿರಲಿಲ್ಲ. ಕಂಬ ವಾಲಿದೆಯೇನೋ ನೋಡಿ ಬರುತ್ತಿದ್ದರು.